ಮುಂದಿನ ಪಾಳಿಗೆ

ಅಕ್ಕನ ಮನೆಯಲ್ಲಿ ರಾತ್ರಿಯೆಂಬುದು ಬೆಳಿಗ್ಗೆ ಹನ್ನೊಂದು ಗಂಟೆಗೆ ಶುರುವಾಗುತ್ತಿತ್ತು. ಹೊರಗೆ ಬಿಸಿಲು ಬಡಿಯುತ್ತಿರಲಿ, ಕೆಳಗಿನ ಬೀದಿಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿರಲಿ, ಹನ್ನೊಂದಾಯಿತೆಂದರೆ ಎರಡನೇ ಮಹಡಿಯ ಆ ಎರಡು ಕೋಣೆಗಳ ಪರದೆ ಮುಚ್ಚಿ, ಸಣ್ಣ ದೀಪ ಹತ್ತಿ, ಮಾತೆಲ್ಲ ಪಿಸುಮಾತಾಗುತ್ತಿತ್ತು. ರಾತ್ರಿ ಪಾಳಿಯ ನರ್ಸು ಕೆಲಸಕ್ಕೆ ಬಂದಿದ್ದಾರೆ ಎಂದು ಅದರ ಅರ್ಥ. ಆ ನರ್ಸು ಅಕ್ಕನೇ. ಅವರಿಗೆ ಪಾಳಿ ವಹಿಸಿಕೊಟ್ಟು ಹೋದ ಬೆಳಗಿನ, ಮಧ್ಯಾಹ್ನದ ನರ್ಸುಗಳೂ ಅಕ್ಕನೇ. ಇವರೆಲ್ಲ ಸೇರಿ ನೋಡಿಕೊಳ್ಳಬೇಕಾದ ಒಬ್ಬಳೇ ಒಬ್ಬ ರೋಗಿಯೂ, ಬೇರೆ ಹೇಳಬೇಕೇ, ಅಕ್ಕನೇ.

ಇದಕ್ಕೆ ಹುಚ್ಚು ಅನ್ನುವವರು ಅನ್ನಲಿ. ತಂಗಿ ಮಾತ್ರ ಅನ್ನುತ್ತಿರಲಿಲ್ಲ. ಅವಳು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಕೆಲಸ ಬಿಟ್ಟು ಎಂಟು ವರ್ಷವಾದ ಮೇಲೂ ಮೊಮ್ಮಕ್ಕಳು ಬಾಗಿಲಿಗೆ ಅಡ್ಡ ನಿಂತರೆ ‘ಒಳಗೆ ನಡೀರಿ, ಒಳಗೆ ಜಾಗ ಇದೆ’ ಎಂದು ಬಾಯಿಗೆ ಬರುತ್ತಿತ್ತು. ದುಡಿದ ಕೆಲಸ ಮೈಗೆ ಅಂಟಿಕೊಂಡರೆ ಸೋಪಿಗೆ ಹೋಗುವುದಿಲ್ಲ ಎಂಬುದು ಅವಳಿಗೆ ಸ್ವಂತ ಅನುಭವ.

ಅಕ್ಕನಿಗೆ ಅಂಟಿದ್ದು ಸ್ವಲ್ಪ ಜಾಸ್ತಿ. ಮೂವತ್ತೆಂಟು ವರ್ಷ ನರ್ಸಾಗಿದ್ದು, ಕೊನೆಯ ಹದಿನಾಲ್ಕು ವರ್ಷ ಇಪ್ಪತ್ತನಾಲ್ಕು ಹಾಸಿಗೆಯ ವಾರ್ಡನ್ನು ಒಬ್ಬಳೇ ಆಳಿದವಳು. ದೊಡ್ಡ ಸಿಸ್ಟರ್ ಎಂದರೆ ಡಾಕ್ಟರುಗಳೇ ಸಿಗರೇಟು ಮುಚ್ಚಿಡುತ್ತಿದ್ದರು. ಮದುವೆ ಆಗಲಿಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ಭೇಟಿಯ ಸಮಯ ಮುಗಿದಿದೆ ಎಂದು ಹೇಳಿ ಕಳಿಸಿರಬೇಕು ಎಂದು ತಂಗಿಯ ಗಂಡ ಬದುಕಿದ್ದಾಗ ತಮಾಷೆ ಮಾಡುತ್ತಿದ್ದ. ನಿವೃತ್ತಿಯ ಮಾರನೆಯ ದಿನ ಅಕ್ಕ ಒಂದು ದಪ್ಪ ರಿಜಿಸ್ಟರು ಕೊಂಡು ತಂದಳು. ಮೊದಮೊದಲು ಅದರಲ್ಲಿ ತನ್ನ ಬಿ.ಪಿ., ತಾನು ನುಂಗಿದ ಮಾತ್ರೆ, ಇಷ್ಟೇ ಇರುತ್ತಿತ್ತು. ಆಮೇಲೆ ವಾರ್ಡಿನ ಪದ್ಧತಿಯಂತೆ ಬೆಳಗಿನ ಪಾಳಿಗೆ ನೀಲಿ ಪೆನ್ನು, ಮಧ್ಯಾಹ್ನಕ್ಕೆ ಹಸಿರು, ರಾತ್ರಿಗೆ ಕೆಂಪು ಬಂದವು. ಪೆನ್ನು ಬಂದ ಮೇಲೆ ಪೆನ್ನು ಹಿಡಿಯುವವರೂ ಬಂದರು.

ಭೇಟಿಯ ಸಮಯ ಮಾತ್ರ ಹೊರಗಿನ ಗಡಿಯಾರದಂತೆ ಸಂಜೆ ನಾಲ್ಕರಿಂದ ಆರು. ಒಡಹುಟ್ಟಿದ ತಂಗಿಗೂ ಅದೇ. ತಂಗಿ ಬುಧವಾರ ಬುಧವಾರ ಎರಡು ಬಸ್ಸು ಬದಲಾಯಿಸಿ ಬಂದು, ಬೇಗ ಬಂದರೆ ಬಾಗಿಲ ಹೊರಗೆ ಮೆಟ್ಟಿಲ ಪಕ್ಕದ ಓಣಿಯಲ್ಲಿಟ್ಟ ಸ್ಟೂಲಿನ ಮೇಲೆ ಕೂತು, ನಾಲ್ಕಕ್ಕೆ ಬಾಗಿಲು ತೆಗೆದಾಗ ಒಳಗೆ ಹೋಗುತ್ತಿದ್ದಳು. ಮಗನ ಮನೆಯಲ್ಲಿ ಜ್ವರ, ಮದುವೆ ಎಂದು ಈ ಸಲ ಆರು ವಾರ ತಪ್ಪಿತ್ತು.

ಆ ಬುಧವಾರ ಮೆಟ್ಟಿಲು ಹತ್ತುವಾಗಲೇ ವಾಸನೆ ಮೂಗಿಗೆ ಹೊಡೆಯಿತು. ಮೂವತ್ತೊಂದು ವರ್ಷ ತುಂಬಿದ ಬಸ್ಸಿನಲ್ಲಿ ನಿಂತ ಮೂಗು ಅದು. ಮೀನಿನ ಬುಟ್ಟಿ, ಒದ್ದೆ ಕಾಲುಚೀಲ, ಮಗುವಿನ ವಾಂತಿ, ಎಲ್ಲವನ್ನೂ ಬೇರೆ ಬೇರೆ ಗುರುತಿಸಬಲ್ಲದು. ಇದು ಅವು ಯಾವುದೂ ಅಲ್ಲ. ಕೆಳಗೆ ಕೊಳೆತ ಮಾಂಸ, ಅದರ ಮೇಲೆ ಬ್ರಾಂದಿ.

ಬಾಗಿಲು ತೆಗೆದ ಅಕ್ಕ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟಿದ್ದಳು. ಕೋಟಿನ ಮೇಲೂ ಕೆಳಗೂ ಮಾತ್ರ ಬೇರೆ ಯಾರೋ ಇದ್ದಂತಿತ್ತು. ಕೂದಲು ಜಡೆಗಟ್ಟಿತ್ತು. ಕೆನ್ನೆ ಒಳಗೆ ಹೋಗಿತ್ತು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ದಿಂಬಿನ ಚೀಲ ಸುತ್ತಿ ಹಗ್ಗ ಕಟ್ಟಿತ್ತು. ಕಾಲಿಗೆ ಏನಾಯಿತು ಎಂದು ತಂಗಿ ಕೇಳಿದಳು. ರೋಗಿಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ ಎಂದು ಅಕ್ಕ ಮೆಲ್ಲಗೆ ಹೇಳಿ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ತಂಗಿ ರಿಜಿಸ್ಟರು ಎಳೆದುಕೊಂಡಳು.

ನೀಲಿ ಅಕ್ಷರ ಒಂದೆರಡು ಸಾಲು, ಹಸಿರು ಅಲ್ಲೊಂದು ಇಲ್ಲೊಂದು, ಉಳಿದ ಪುಟವೆಲ್ಲ ಕೆಂಪು. ನೀಲಿ ಹೇಳುತ್ತಿತ್ತು: ‘ಹಿಮ್ಮಡಿಯಲ್ಲಿ ಗಾಯ. ತೊಳೆದು ಕಟ್ಟಬೇಕು. ಸಿಬ್ಬಂದಿ ಕೊರತೆ. ಮುಂದಿನ ಪಾಳಿಗೆ.’ ಹಸಿರು ಹೇಳುತ್ತಿತ್ತು: ‘ಹತ್ತಿ, ಬ್ಯಾಂಡೇಜು ಬೀರುವಿನಲ್ಲಿವೆ. ಬೀಗದಕೈ ಬೆಳಗಿನವರ ಹತ್ತಿರ. ಮುಂದಿನ ಪಾಳಿಗೆ.’ ಕೆಂಪು ಹೇಳುತ್ತಿತ್ತು: ‘ರೋಗಿ ನಿದ್ದೆಯಲ್ಲಿದ್ದರು. ಎಬ್ಬಿಸಲಿಲ್ಲ. ಊಟ ಬೇಡವೆಂದರು. ಒತ್ತಾಯಿಸಲಿಲ್ಲ. ಬ್ರಾಂದಿ ಅರವತ್ತು ಮಿ.ಲೀ., ಡಾಕ್ಟರ ಆದೇಶದಂತೆ. ಗಾಯ ಮುಂದಿನ ಪಾಳಿಗೆ.’ ಅವಳ ವಾರ್ಡಿನ ಹಳೆಯ ಡಾಕ್ಟರ ಸಹಿಯೂ ಇತ್ತು. ಆ ಡಾಕ್ಟರು ಸತ್ತು ಒಂಬತ್ತು ವರ್ಷವಾಗಿತ್ತು. ಬದುಕಿದ್ದಾಗಲೂ ಅವರ ಸಹಿ ಅಕ್ಕನೇ ಹಾಕುತ್ತಿದ್ದಳಾದ್ದರಿಂದ ಅದರಿಂದೇನೂ ತೊಂದರೆಯಾಗಿರಲಿಲ್ಲ. ತಂಗಿ ಪುಟ ಎಣಿಸಿದಳು. ಗಾಯ ಹೀಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿ ದಾಟಿ ನಲವತ್ತೊಂದು ದಿನವಾಗಿತ್ತು. ಅಷ್ಟು ದಿನದಲ್ಲಿ ಅದನ್ನು ಒಬ್ಬರೂ ಬಿಚ್ಚಿ ನೋಡಿರಲಿಲ್ಲ.

ಮಾರನೆಯ ದಿನ ತಂಗಿ ಮೂಲೆಯ ಕ್ಲಿನಿಕ್ಕಿನಿಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮನನ್ನು ಕರೆತಂದಳು. ಡಾಕ್ಟರು ಬಂದದ್ದು ಮಧ್ಯಾಹ್ನ ಎರಡೂವರೆಗೆ, ಅಂದರೆ ಅಕ್ಕನ ಲೆಕ್ಕದಲ್ಲಿ ನಡುರಾತ್ರಿ. ಆದರೂ ಡಾಕ್ಟರೆಂದ ಮೇಲೆ ಬಾಗಿಲು ತೆರೆಯಿತು. ಕೈ ತೊಳೆಯದೆ ಒಳಗೆ ಬಂದದ್ದಕ್ಕೆ ಆಕೆಗೆ ಚೆನ್ನಾಗಿ ಬೈಗುಳ ಬಿತ್ತು. ಹೊಸಬರು, ಕಲಿಯುತ್ತಾರೆ ಎಂದು ಅಕ್ಕ ಆಮೇಲೆ ಸಮಾಧಾನವನ್ನೂ ಹೇಳಿದಳು. ಈಗ ಸಮಯ ಎಷ್ಟು ಎಂದು ಡಾಕ್ಟರು ಕೇಳಿದರೆ, ರಾತ್ರಿ ಎರಡೂವರೆ ಎಂದಳು. ಡಾಕ್ಟರು ಏನೋ ಗೀಚಿಕೊಂಡಿದ್ದನ್ನು ಕಂಡು, ಅನುಮಾನವಿದ್ದರೆ ಪಾಳಿ ಪಟ್ಟಿ ನೋಡಿ ಎಂದು ಗೋಡೆ ತೋರಿಸಿದಳು. ಆಸ್ಪತ್ರೆಗೆ ಸೇರಿಸಬೇಕು ಎಂದಾಗ ಮಾತ್ರ ಅಕ್ಕನಿಗೆ ನಿಜವಾಗಿ ಸಿಟ್ಟು ಬಂತು. ಆಸ್ಪತ್ರೆಯಲ್ಲಿರುವ ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಕಳಿಸಬೇಕಾದರೆ ಇಲ್ಲಿ ಯಾವ ಸೌಕರ್ಯ ಇಲ್ಲವೆಂದು ಬರೆದುಕೊಡಿ ಎಂದು ಪಟ್ಟು ಹಿಡಿದಳು. ಡಾಕ್ಟರು ದೂರದಿಂದಲೇ ದಿಂಬಿನ ಚೀಲದತ್ತ ನೋಡಿ, ಮೂಗು ಮುಚ್ಚಿಕೊಳ್ಳದಿರಲು ಬಹಳ ಪ್ರಯತ್ನಪಟ್ಟು, ಹೊರಗೆ ಬಂದರು.

ಮೆಟ್ಟಿಲ ಮೇಲೆ ನಿಂತು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ದಿನಾ ತೊಳೆದು ಕಟ್ಟಿ, ಬರೆದುಕೊಟ್ಟ ಮಾತ್ರೆ ನುಂಗಿಸಿ, ಹೊಟ್ಟೆಗೆ ಊಟ ಬಿದ್ದರೆ ಕಾಲು ಉಳಿಯಬಹುದು. ಒಂದು ವಾರ ತಡವಾದರೆ ಪಾದ ತೆಗೆಯಬೇಕಾಗುತ್ತದೆ. ಇನ್ನೂ ತಡವಾದರೆ ಪಾದದ ಮಾತೇ ಇರುವುದಿಲ್ಲ. ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೂ ಜೀವಕ್ಕೆ ಅಪಾಯ, ಅದಕ್ಕೂ ಮಾತ್ರೆ ಬರೆದಿದ್ದೇನೆ, ದಿನಾ ಬಂದು ನೋಡುತ್ತೇನೆ, ಕೈ ಮೀರಿದರೆ ಅವರು ಒಪ್ಪಲಿ ಬಿಡಲಿ ಎತ್ತಿಕೊಂಡು ಹೋಗೋಣ ಎಂದರು.

ತಂಗಿ ಬ್ಯಾಗು ತಂದು ಓಣಿಯಲ್ಲೇ ಠಿಕಾಣಿ ಹೂಡಿದಳು. ಅವಳಿಗೆ ಗೊತ್ತಿದ್ದ ದಾರಿಯೆಂದರೆ ಗದರುವುದು, ಅದನ್ನು ಮೊದಲು ಮಾಡಿದಳು. ಅಕ್ಕ ತುಟಿಗೆ ಬೆರಳಿಟ್ಟು, ಬೇರೆ ರೋಗಿಗಳಿಗೆ ತೊಂದರೆಯಾಗುತ್ತದೆ ಎಂದಳು. ಎರಡನೆಯದಾಗಿ ‘ರಾತ್ರಿ ಪಾಳಿಗೆ ಮಾತ್ರ’ ಎಂದು ಚೀಟಿ ಅಂಟಿಸಿದ್ದ ಬಾಟಲಿಯನ್ನು ಬಚ್ಚಲಿಗೆ ಸುರಿದಳು. ಅಕ್ಕ ರಿಜಿಸ್ಟರಿನಲ್ಲಿ ‘ಒಂದು ಬಾಟಲಿ ಒಡೆದಿದೆ’ ಎಂದು ಕೆಂಪಿನಲ್ಲಿ ಬರೆದು, ಅಂಗಡಿಗೆ ಫೋನು ಮಾಡಿದಳು. ಅಂಗಡಿಯವನು ಹತ್ತು ನಿಮಿಷದಲ್ಲಿ ಬಂದು, ವಾರ್ಡಿಗೆ ಎಂದು ಕೂಗಿ ಎರಡು ಬಾಟಲಿ ಇಟ್ಟು ಹೋದ. ಮೂರನೆಯದಾಗಿ ಕಾಲನ್ನೇ ಹಿಡಿದು ಬಿಚ್ಚಲು ಹೋದಳು. ಹೊರಗಿನವರು ಗಾಯ ಮುಟ್ಟುವಂತಿಲ್ಲ ಎಂದು ಅಕ್ಕ ಒದ್ದಳು, ಅದೂ ಆ ಕಾಲಿನಲ್ಲೇ. ಆ ದಿನ ಇಬ್ಬರೂ ಅತ್ತರು, ಬೇರೆ ಬೇರೆ ಕೋಣೆಯಲ್ಲಿ.

ಆಗ ತಂಗಿಗೆ ಬುದ್ಧಿ ಹೊಳೆಯಿತು. ಬಸ್ಸು ನಿಲ್ಲಿಸಬೇಕಾದರೆ ಬಸ್ಸಿಗೆ ಅಡ್ಡ ನಿಂತು ಪ್ರಯೋಜನವಿಲ್ಲ, ಒಳಗೆ ಹತ್ತಿ ಗಂಟೆ ಹೊಡೆಯಬೇಕು. ಅವಳು ಒಂದು ಹಾಳೆ ತೆಗೆದು ಭೇಟಿಗೆ ಬಂದವರ ದೂರು ಎಂದು ತಲೆಬರಹ ಹಾಕಿ, ಈ ವಾರ್ಡಿನ ರಾತ್ರಿ ನರ್ಸು ಕೆಲಸದ ವೇಳೆ ಕುಡಿಯುತ್ತಾರೆ, ರೋಗಿಗೆ ಊಟ ಹಾಕುವುದಿಲ್ಲ, ನಲವತ್ತೆರಡು ದಿನದಿಂದ ಗಾಯ ಕಟ್ಟಿಲ್ಲ ಎಂದು ಬರೆದು, ಬೆಳಿಗ್ಗೆ ಏಳಕ್ಕೆ ನೀಲಿ ಪೆನ್ನಿನ ಹೊತ್ತಿಗೆ ಮೇಜಿನ ಮೇಲಿಟ್ಟಳು.

ಬೆಳಗಿನ ಪಾಳಿಯಲ್ಲಿದ್ದ ದೊಡ್ಡ ಸಿಸ್ಟರ್ ಅದನ್ನು ಎರಡು ಸಲ ಓದಿದಳು. ಮುಖ ಕೆಂಪಾಯಿತು. ತನ್ನ ವಾರ್ಡಿನ ಮೇಲೆ ಲಿಖಿತ ದೂರು ಬಂದದ್ದು ಇದೇ ಮೊದಲು. ಒಂಬತ್ತಕ್ಕೆ ವಿಚಾರಣೆ ಎಂದು ಘೋಷಿಸಿದಳು. ಮೇಜಿನ ಎರಡು ಕಡೆ ಎರಡು ಕುರ್ಚಿ ಬಂದವು. ನಡೆದದ್ದನ್ನೆಲ್ಲ ಬರೆದುಕೊಳ್ಳುವ ಕೆಲಸ ತಂಗಿಗೆ ಬಿತ್ತು.

ದೊಡ್ಡ ಸಿಸ್ಟರ್ ಈ ಕಡೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ದೂರಿನಲ್ಲಿರುವುದು ನಿಜವೇ ಎಂದು ಖಾಲಿ ಕುರ್ಚಿಯನ್ನು ಕೇಳಿದಳು. ಎದ್ದಳು. ಮೇಜು ಹಿಡಿದು ಕುಂಟುತ್ತಾ ಸುತ್ತು ಹಾಕಿ ಆ ಕಡೆ ಹೋಗಿ ಕೂತು, ತಲೆ ತಗ್ಗಿಸಿ, ನಿಜ ಎಂದಳು. ಮತ್ತೆ ಎದ್ದಳು, ಈ ಕಡೆ ಬಂದಳು, ಎಷ್ಟು ದಿನದಿಂದ ಎಂದು ಕೇಳಿದಳು, ಆ ಕಡೆ ಹೋದಳು. ಒಂದೊಂದು ಪ್ರಶ್ನೆಗೂ ಒಂದೊಂದು ಸುತ್ತು. ಕೂತಲ್ಲೇ ಎರಡೂ ಮಾತಾಡಬಹುದಲ್ಲ ಎಂದು ತಂಗಿ ಅಂದದ್ದಕ್ಕೆ, ವಿಚಾರಣೆಯೆಂದರೆ ನಿಮಗೆ ಆಟವೇ ಎಂದು ಎರಡು ಕುರ್ಚಿಯಿಂದಲೂ ಬೈಸಿಕೊಂಡಳು. ದಿಂಬಿನ ಚೀಲ ಒದ್ದೆಯಾಗಿ ನೆಲದ ಮೇಲೆ ಮೇಜಿನ ಸುತ್ತ ಹಳದಿ ಕಲೆಗಳು ಬೀಳುತ್ತಿದ್ದವು. ತಂಗಿ ಅತ್ತ ನೋಡದೆ ಬರೆಯುತ್ತಾ ಹೋದಳು.

“ಯಾಕೆ ಕುಡಿದ್ರಿ?” ಎಂದು ಈ ಕಡೆಯಿಂದ ಕೇಳಿದಳು ಅಕ್ಕ.

ಸುತ್ತು ಹಾಕಿ ಹೋಗಿ ಕೂತವಳು ಕೋಟಿನ ಅಂಚನ್ನು ಸರಿಪಡಿಸಿಕೊಂಡಳು. “ರಾತ್ರಿ ಉದ್ದ ಸಿಸ್ಟರ್. ಇಪ್ಪತ್ತನಾಲ್ಕು ಹಾಸಿಗೆ ಇದ್ದಾಗ ಗೊತ್ತಾಗ್ತಿರಲಿಲ್ಲ. ಯಾರಾದ್ರೂ ಕರೀತಾನೇ ಇರೋರು. ಇಲ್ಲಿ ಯಾರೂ ಕರೆಯೋದಿಲ್ಲ.”

ತಂಗಿ ಅದನ್ನು ಬರೆದುಕೊಳ್ಳಲಿಲ್ಲ. ಬರೆಯಲು ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ತೀರ್ಪು ಬಂತು. ರಾತ್ರಿ ನರ್ಸನ್ನು ಅಮಾನತಿನಲ್ಲಿ ಇಡಲಾಗಿದೆ. ಕೆಂಪು ಪೆನ್ನು ಜಪ್ತಿ. ಅಂದು ಹನ್ನೊಂದಕ್ಕೆ ಪರದೆ ಮುಚ್ಚಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಕೋಣೆಗೆ ಬಿಸಿಲು ಬಂದು, ಮಂಚದ ಕೆಳಗಿನ ಬಾಟಲಿಗಳು, ಒಣಗಿದ ಬ್ರೆಡ್ಡು, ತಿಂಗಳಿಂದ ಬದಲಾಗದ ಹಾಸಿಗೆಯ ಹೊದಿಕೆ ಎಲ್ಲ ಕಂಡವು. ಅಕ್ಕ ಬಿಸಿಲಲ್ಲಿ ಕೂತು ತನ್ನ ಕೈ ನಡುಗುವುದನ್ನೇ ನೋಡುತ್ತಿದ್ದಳು. ಡಾಕ್ಟರು ಕೊಟ್ಟಿದ್ದ ಮಾತ್ರೆ ನುಂಗಿಸಬೇಕು, ಆದರೆ ನುಂಗಿಸುವ ನರ್ಸೇ ಅಮಾನತಿನಲ್ಲಿದ್ದಾರೆ. ತಂಗಿ ಆ ಜಾಗಕ್ಕೆ ತಾನು ಬರುತ್ತೇನೆ ಎಂದು ಅರ್ಜಿ ಹಾಕಿದಳು. ಅಕ್ಕ ವಿದ್ಯಾರ್ಹತೆ ಕೇಳಿದಳು. ಕಂಡಕ್ಟರ್ ಲೈಸೆನ್ಸು ತೋರಿಸಿದ್ದಕ್ಕೆ ಮುಖ ಸಿಂಡರಿಸಿ, ಕೊನೆಗೆ ತಾತ್ಕಾಲಿಕ ಆಯಾ ಎಂದು ನೇಮಕ ಮಾಡಿಕೊಂಡಳು. ನೆಲ ಒರೆಸಬಹುದು, ಊಟ ಕೊಡಬಹುದು, ಮಾತ್ರೆ ಕೈಗೆ ಕೊಡಬಹುದು. ಗಾಯ ಮುಟ್ಟುವಂತಿಲ್ಲ. ತನ್ನ ವಾರ್ಡಿನಲ್ಲಿ ಯಾವ ಆಯಾ ಕೈಯೂ ಗಾಯ ಮುಟ್ಟಿಲ್ಲ, ಮುಂದೆಯೂ ಮುಟ್ಟುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು.

ಎರಡು ದಿನ ಹಾಗೇ ನಡೆಯಿತು. ಮಾತ್ರೆ ಹೋಯಿತು, ಬೇಯಿಸಿದ ಮೊಟ್ಟೆ ಹೋಯಿತು, ಬ್ರಾಂದಿಯನ್ನು ಅಂಗಡಿಯವನೇ ವಾಪಸು ಒಯ್ದ. ಡಾಕ್ಟರು ಬಂದು ಬಂದು ನೋಡಿ, ಎಲ್ಲ ಸರಿ, ಗಾಯ ಯಾವಾಗ ಎಂದು ತಂಗಿಯನ್ನು ಮೆಟ್ಟಿಲ ಮೇಲೆ ಕೇಳಿದರು. ನಾಳೆ ಆಗದಿದ್ದರೆ ನಾಡಿದ್ದು ಗಾಡಿ ತರಿಸುತ್ತೇನೆ ಎಂದೂ ಹೇಳಿದರು.

ಗಾಯ ಯಾಕೆ ಆಗುತ್ತಿಲ್ಲ ಎಂಬುದು ತಂಗಿಗೆ ಆಗಲೇ ಗೊತ್ತಾಗಿತ್ತು. ದೊಡ್ಡ ಸಿಸ್ಟರ್ ಸೋಮಾರಿಯಲ್ಲ. ಎರಡು ದಿನವೂ ಬೆಳಿಗ್ಗೆ ಏಳಕ್ಕೆ ಬೀರು ತೆಗೆದು, ಕೈ ತೊಳೆದು, ತಟ್ಟೆಯಲ್ಲಿ ಹತ್ತಿ, ಕತ್ತರಿ, ಔಷಧಿ, ಬ್ಯಾಂಡೇಜು ಸಾಲಾಗಿ ಜೋಡಿಸಿಕೊಂಡು ಮಂಚದ ಹತ್ತಿರ ಹೋದಳು. ಮಂಚ ಖಾಲಿ. ಎರಡು ದಿನವೂ ಖಾಲಿ. ನರ್ಸು ನಿಂತಿದ್ದರೆ ರೋಗಿ ಹೇಗೆ ಮಲಗಿರುತ್ತಾಳೆ? ದೊಡ್ಡ ಸಿಸ್ಟರ್ ಬಚ್ಚಲಲ್ಲಿ ಹುಡುಕಿ, ಓಣಿಯಲ್ಲಿ ಹುಡುಕಿ, ಈ ರೋಗಿಗೆ ಶಿಸ್ತಿಲ್ಲ ಎಂದು ಬೈದುಕೊಂಡು ತಟ್ಟೆಯನ್ನು ಹಿಂದಕ್ಕೆ ತಂದಿಟ್ಟಳು. ಅಕ್ಕನ ಮೇಲೆ ತಂಗಿಗೆ ಆಗ ಬಂದ ಸಿಟ್ಟಿಗೆ ಲೆಕ್ಕವಿಲ್ಲ, ಬಂದ ಕನಿಕರಕ್ಕೂ ಲೆಕ್ಕವಿಲ್ಲ.

ಮೂರನೆಯ ದಿನ ಬೆಳಿಗ್ಗೆ ತಂಗಿ ನೆಲ ಒರೆಸಿ, ಹೊಸ ಹೊದಿಕೆ ಹಾಸಿ, ಒಂದು ನಿಮಿಷ ಸೊಂಟ ನೇರ ಮಾಡಿಕೊಳ್ಳೋಣವೆಂದು ಮಂಚಕ್ಕೆ ಒರಗಿದಳು. ಅರವತ್ತಾರರ ಸೊಂಟ, ನಾಲ್ಕು ದಿನ ಸ್ಟೂಲಿನ ಮೇಲೆ ಕಳೆದದ್ದು. ಯಾವಾಗ ಕಣ್ಣು ಮುಚ್ಚಿತೋ ಗೊತ್ತಾಗಲಿಲ್ಲ. ಎಚ್ಚರಾದಾಗ ಅಕ್ಕ ತಟ್ಟೆ ಹಿಡಿದು ಮಂಚದ ಪಕ್ಕ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ತಂಗಿ ಹತ್ತು ವರ್ಷದಿಂದ ಕಂಡಿರಲಿಲ್ಲ.

“ಅಂತೂ ಸಿಕ್ಕಿದ್ರಲ್ಲ,” ಎಂದಳು ಅಕ್ಕ.

ತಂಗಿ ಏಳಲು ಹೋದಳು. ಅಕ್ಕ ಭುಜ ಒತ್ತಿ ಮಲಗಿಸಿದಳು. ತಂಗಿಯ ಬಲಗಾಲನ್ನು ಎತ್ತಿ ದಿಂಬಿನ ಮೇಲಿಟ್ಟು, ಬೆಚ್ಚನೆಯ ನೀರಿನಲ್ಲಿ ಹಿಮ್ಮಡಿ ತೊಳೆದಳು. ಅಷ್ಟು ಹೊತ್ತು ನಡುಗುತ್ತಿದ್ದ ಕೈ ಈಗ ನಡುಗುತ್ತಿರಲಿಲ್ಲ. ಮಾತಾಡುತ್ತಾ ಇರಿ, ನೋವು ಗೊತ್ತಾಗೋದಿಲ್ಲ ಎಂದಳು. ಬೆರಳ ಸಂದಿಯನ್ನೂ ಬಿಡದೆ ಒರೆಸಿದಳು. ಹುಟ್ಟಿದಾರಭ್ಯ ಯಾರೂ ತಂಗಿಯ ಕಾಲನ್ನು ಅಷ್ಟು ಮೃದುವಾಗಿ ಹಿಡಿದಿರಲಿಲ್ಲ, ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಮೂವತ್ತೆಂಟು ವರ್ಷ ಊರವರಿಗೆಲ್ಲ ಸಿಕ್ಕಿದ ಈ ಕೈ ಅಕ್ಕನಿಗೆ ಮಾತ್ರ ಸಿಗಲಿಲ್ಲವಲ್ಲ ಎಂದು ತಂಗಿಗೆ ಅನ್ನಿಸಿತು.

ಅಕ್ಕ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಆಮೇಲೆ ರಿಜಿಸ್ಟರಿನ ಹತ್ತಿರ ಹೋಗಿ ನೀಲಿ ಪೆನ್ನಿನಲ್ಲಿ, ಗಾಯ ಪೂರ್ತಿ ವಾಸಿಯಾಗಿದೆ, ರೋಗಿಯನ್ನು ಬಿಡುಗಡೆ ಮಾಡಲಾಗಿದೆ ಎಂದು ಬರೆದು, ಡಾಕ್ಟರ ಸಹಿ ಹಾಕಿ, ಇನ್ನು ಹೊರಡಬಹುದು ಎಂದಳು.

ಇಷ್ಟು ದಿನ ಗಾಯಕ್ಕೆ ಕಾಗದದ ಮೇಲಾದರೂ ಒಂದು ಹಾಸಿಗೆಯಿತ್ತು. ಈಗ ಅದೂ ಹೋಯಿತು. ತಂಗಿ ಮಂಚದಿಂದಿಳಿದು, ಬರಿಗಾಲಲ್ಲಿ ನಿಂತು ಅಕ್ಕನನ್ನು ನೋಡಿದಳು. ಅಕ್ಕ ಖಾಲಿ ಮಂಚವನ್ನೇ ನೋಡುತ್ತಿದ್ದಳು. ಇಪ್ಪತ್ತನಾಲ್ಕು ಹಾಸಿಗೆಯ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಒಂದು ಹಾಸಿಗೆಯೂ ಅರ್ಧ ಗಂಟೆ ಖಾಲಿ ಬಿದ್ದಿರಲಿಲ್ಲ. ತಂಗಿಗೆ ಬಾಯಲ್ಲಿ ಮಾತು ತಾನಾಗಿ ಬಂತು.

“ಸಿಸ್ಟರ್, ಹಾಸಿಗೆ ಖಾಲಿ ಆಯ್ತಲ್ಲ. ಹೊರಗೆ ಒಬ್ಬರು ತುಂಬಾ ದಿನದಿಂದ ಕಾಯ್ತಿದ್ದಾರೆ.”

“ಯಾರು?”

“ಎಪ್ಪತ್ತಮೂರು ವರ್ಷ. ಹಿಮ್ಮಡಿ ಕೊಳೆತಿದೆ. ಊಟ ಮಾಡಲ್ಲ, ಸ್ನಾನ ಮಾಡಲ್ಲ, ಕುಡೀತಾರೆ.”

ಅಕ್ಕ ಪೆನ್ನು ಮುಚ್ಚಿದಳು. ಮತ್ತೆ ತೆರೆದಳು. ಸೇರಿಸಿಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೊಂದು ಬಾಕಿಯಿತ್ತು. ಅದನ್ನು ಕೇಳುವಾಗ ಅವಳ ದನಿ ವಾರ್ಡಿನ ದನಿಯಾಗಿರಲಿಲ್ಲ.

“ಜೊತೆಗೆ ಯಾರಾದ್ರೂ ಬಂದಿದ್ದಾರಾ?”

“ತಂಗಿ ಬಂದಿದ್ದಾಳೆ.”

ಅಕ್ಕ ನೆಲ ನೋಡಿದಳು. ಆಗಷ್ಟೇ ಒರೆಸಿದ ನೆಲದ ಮೇಲೆ ಬೀರುವಿನಿಂದ ಮಂಚಕ್ಕೆ, ಮಂಚದಿಂದ ಮೇಜಿಗೆ ಹಳದಿ ಕಲೆಗಳ ಸಾಲು ಬಂದು ಅವಳ ಕಾಲ ಹತ್ತಿರವೇ ನಿಂತಿತ್ತು. ಅವಳು ದಿಂಬಿನ ಚೀಲ ಸುತ್ತಿದ ತನ್ನ ಕಾಲನ್ನು ನೋಡಿದಳು. ಆಮೇಲೆ, ಕರ್ಕೊಂಡು ಬಾ ಎಂದಳು, ತೀರಾ ಸಣ್ಣ ದನಿಯಲ್ಲಿ.

ತಂಗಿ ಅವಳ ಕೈ ಹಿಡಿದಳು. ಇಬ್ಬರೂ ಬಾಗಿಲು ದಾಟಿ ಓಣಿಗೆ ಹೋದರು. ಅಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತಳು, ಹೊರಗಿನಿಂದ ಬಂದವರು ಕೂರುವ ಹಾಗೆ, ಅಂಚಿನಲ್ಲಿ. ಮೇಲಿನ ಮನೆಯವರು ಹಾಲು ಹಿಡಿದು ಮೆಟ್ಟಿಲು ಹತ್ತುತ್ತಾ ಬಂದು, ಹೇಗಿದ್ದೀರಿ ಸಿಸ್ಟರ್ ಎಂದರು. ಅಕ್ಕ ಉತ್ತರ ಕೊಡಲಿಲ್ಲ. ಅವರು ಹೋದ ಮೇಲೆ ತಂಗಿ ಅವಳ ಬಿಳಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಕೋಟನ್ನು ಸ್ಟೂಲಿನ ಮೇಲೆ ಮಡಿಸಿಟ್ಟಳು. ಕೋಟಿನೊಳಗೆ ಅಕ್ಕ ಇಷ್ಟೇ ಇಷ್ಟಿದ್ದಳು. ಎಬ್ಬಿಸಿ ಒಳಗೆ ಕರೆತಂದು ಹೊಸ ಹೊದಿಕೆಯ ಮೇಲೆ ಮಲಗಿಸುವಾಗ ಅವಳ ಭಾರವೇ ಗೊತ್ತಾಗಲಿಲ್ಲ.

ತಂಗಿ ತಟ್ಟೆ ಎಳೆದುಕೊಂಡಾಗ, ಆಯಾ ಗಾಯ ಮುಟ್ಟುವಂತಿಲ್ಲ ಎಂದು ಹೇಳಲು ಅಕ್ಕ ಬಾಯಿ ತೆರೆದಳು. ಅದನ್ನೆಲ್ಲ ಹೇಳುವುದು ಸಿಸ್ಟರ್ ಕೆಲಸ, ರೋಗಿಗಳು ಸುಮ್ಮನೆ ಮಲಗಿರಬೇಕು ಎಂದಳು ತಂಗಿ. ಅಕ್ಕ ಬಾಯಿ ಮುಚ್ಚಿದಳು.

ಹಗ್ಗ ಕತ್ತರಿಸಿ, ದಿಂಬಿನ ಚೀಲವನ್ನು ನೀರು ಹಾಕಿ ಹಾಕಿ ಬಿಡಿಸಿದ್ದಾಯಿತು. ಕಂಡದ್ದನ್ನು ನೋಡಿ ತಂಗಿ, ಚಲಿಸುವ ಬಸ್ಸಿನಲ್ಲಿ ನಿಲ್ಲುವಂತೆ ಕಾಲು ಅಗಲಿಸಿ ನಿಂತಳು. ಅವಳ ಕೈ ಒರಟು. ಹತ್ತಿ ಒತ್ತಬಾರದ ಕಡೆ ಒತ್ತಿತು, ಔಷಧಿ ಚೆಲ್ಲಿತು, ಬ್ಯಾಂಡೇಜು ಎರಡು ಸಲ ಕೈಜಾರಿ ಉರುಳಿ ಹೋಯಿತು. ಒಂದೊಂದು ತಪ್ಪಿಗೂ ಅಕ್ಕನ ಬೆರಳು ಹೊದಿಕೆಯ ಮೇಲೆ ತಾನಾಗಿ ಅಲುಗಿ, ಹೇಗೆ ಹಿಡಿಯಬೇಕೆಂದು ತೋರಿಸಿ, ಸುಮ್ಮನಾಗುತ್ತಿತ್ತು. ಅರ್ಧ ಸುತ್ತಿದಾಗ ಆ ಬೆರಳು ಕೂಡ ನಿಂತಿತು.

“ನೋಯ್ತಿದೆ ಕಣೇ,” ಎಂದಳು ಅಕ್ಕ.

ಅಪ್ಪ ಹೋದಾಗ, ಅಮ್ಮ ಹೋದಾಗ, ಕೆಲಸ ಮುಗಿದು ಹಾರ ಹಾಕಿಸಿಕೊಂಡು ಒಬ್ಬಳೇ ಈ ಮೆಟ್ಟಿಲು ಹತ್ತಿದಾಗ, ಯಾವತ್ತೂ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ತಂಗಿಯ ಕಣ್ಣೀರು ಬ್ಯಾಂಡೇಜಿನ ಮೇಲೆ ಬೀಳುವುದರಲ್ಲಿತ್ತು, ತೋಳಿನಿಂದ ಒರೆಸಿಕೊಂಡಳು.

“ಗೊತ್ತು,” ಎಂದಳು. “ಹೇಳ್ತಾ ಇರು.”

ಅಕ್ಕ ಹೇಳತೊಡಗಿದಳು. ಮೊದಲು ಹಿಮ್ಮಡಿ ಎಂದಳು, ಆಮೇಲೆ ಮೊಣಕಾಲು, ಸೊಂಟ, ಎದೆ. ಕಟ್ಟಿ ಮುಗಿದ ಮೇಲೂ ಅವಳ ಪಟ್ಟಿ ಮುಗಿದಿರಲಿಲ್ಲ. ತಂಗಿ ಕಾಲನ್ನು ಹಾಗೇ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತು ಕೇಳಿದಳು.